ಗೇಟು ದಾಟದ ಮಾತು

ನಮ್ಮ ಬೀದಿಯವರು ಸಂಜೆ ನಾಲ್ಕೂಕಾಲಿಗೆ ಸರಿಯಾಗಿ ಆಕಳಿಸುತ್ತಾರೆ. ಶಾಲೆ ಬಿಡುವುದು ನಾಲ್ಕಕ್ಕೆ. ಮಕ್ಕಳು ಮನೆಗೆ ಬಂದು, ಚೀಲ ಮೂಲೆಗೆಸೆದು, ಒಂದು ಲೋಟ ನೀರು ಕುಡಿಯುವ ಹೊತ್ತಿಗೆ ಹತ್ತು ಹದಿನೈದು ನಿಮಿಷವಾಗುತ್ತದೆ. ಆಮೇಲೆ ತಾಯಂದಿರು ತಡೆಯಲಾರದೆ ಕೇಳಿಯೇ ಬಿಡುತ್ತಾರೆ, "ಇವತ್ತು ಸ್ಕೂಲಲ್ಲಿ ಏನಾಯ್ತೋ?" ಮಗು ಹೇಳಬೇಕೆಂದೇ ಬಾಯಿ ತೆರೆಯುತ್ತದೆ. ತೆರೆದ ಬಾಯಿಂದ ಮಾತು ಬರುವುದಿಲ್ಲ, ದೊಡ್ಡದೊಂದು ಆಕಳಿಕೆ ಬರುತ್ತದೆ. ಆಕಳಿಕೆ ಅಂಟುರೋಗ ತಾನೆ? ಮಗುವಿನಿಂದ ತಾಯಿಗೆ, ತಾಯಿಯಿಂದ ಅತ್ತೆಗೆ, ಕಿಟಕಿ ದಾಟಿ ಪಕ್ಕದ ಮನೆಗೆ, ಅಲ್ಲಿಂದ ತಿಪ್ಪಣ್ಣನ ಟೀ ಅಂಗಡಿಗೆ. ತಿಪ್ಪಣ್ಣ ಇದೆಲ್ಲ ಗೊತ್ತಿದ್ದೇ ಮೂರೂವರೆಗೆ ದೊಡ್ಡ ಪಾತ್ರೆ ಒಲೆಯ ಮೇಲಿಟ್ಟಿರುತ್ತಾನೆ.

ನಮ್ಮ ಬೀದಿಯ ಶಾಲೆಯ ಮಾತು ಗೇಟು ದಾಟುವುದಿಲ್ಲ, ಅಷ್ಟೇ. ಯಾಕೆ ಅಂತ ನನ್ನನ್ನು ಕೇಳಬೇಡಿ. ನಾನು ನಮ್ಮ ತಾತನನ್ನು ಕೇಳಿದ್ದಕ್ಕೆ "ಮೂಗಿಗೆ ಎರಡು ತೂತು ಯಾಕಿದೆ ಅಂತ ಮೊದ್ಲು ಹೇಳು, ಆಮೇಲೆ ಇದನ್ನ ಹೇಳ್ತೀನಿ" ಅಂದಿದ್ದ. ಒಳಗೆ ಏನಾಯಿತೋ ಅದನ್ನು ಹೊರಗೆ ಬಂದು ಹೇಳಲಾಗದು. ಬರೆದು ತೋರಿಸೋಣ ಎಂದರೆ ಬಳಪ ಕೈಯಿಂದ ಜಾರುತ್ತದೆ. ಸನ್ನೆ ಮಾಡೋಣ ಎಂದರೆ ಕೈ ಹೋಗಿ ತಲೆ ಕೆರೆಯುತ್ತದೆ. ಹೌದು ಅಲ್ಲ ಎಂದು ತಲೆಯಾಡಿಸಲು ಹೋದರೆ ಕತ್ತು ಹಿಡಿದುಕೊಳ್ಳುತ್ತದೆ. ಟೀಚರುಗಳ ಕಥೆಯೂ ಇದೇ. ಹೆಡ್‌ಮೇಡಂ ಅನಸೂಯಾ ಟೀಚರು ಸಂತೆಯಲ್ಲಿ ಸಿಕ್ಕರೆ ಬದನೆಕಾಯಿಯ ಹುಳುಕಿನ ಬಗ್ಗೆ ಅರ್ಧ ಗಂಟೆ ಮಾತಾಡಬಲ್ಲರು. "ನಮ್ ಹುಡುಗ ಹೆಂಗೆ ಓದ್ತಾನೆ ಮೇಡಂ?" ಅಂದಿರೋ, ಸೆರಗು ಬಾಯಿಗೆ ಅಡ್ಡ ಬಂತು. ತಿಪ್ಪಣ್ಣ ಅಲ್ಲೇ ಏಳನೇ ಕ್ಲಾಸಿನವರೆಗೆ ಓದಿದವನು. ಅರವತ್ತೈದು ತುಂಬಿದೆ, ಮೊಮ್ಮಕ್ಕಳಾಗಿದ್ದಾರೆ. ಈಗಲೂ ಕೇಳಿದರೆ ಆಕಳಿಸುತ್ತಾನೆ.

ಹಾಗೆಂದು ನಾವೇನೂ ಕೈಕಟ್ಟಿ ಕೂತವರಲ್ಲ. ನಮ್ಮ ಹೆಂಗಸರು ಮಕ್ಕಳ ಅಂಗೈ ಮೂಸಿ, ಮಧ್ಯಾಹ್ನ ಏನು ಬಡಿಸಿದರು, ಸಾರಿಗೆ ಒಗ್ಗರಣೆ ಬಿದ್ದಿತ್ತೋ ಇಲ್ಲವೋ ಎಂಬುದನ್ನೂ ಹೇಳಬಲ್ಲರು. ವಾಸನೆಗೆ ಗೇಟಿನ ಅಡ್ಡಿಯಿಲ್ಲ ನೋಡಿ. ತೋಳಿಗೆ ಸೀಮೆಸುಣ್ಣ ಹತ್ತಿದ್ದರೆ ಬೋರ್ಡಿನ ಹತ್ತಿರ ಕರೆದಿದ್ದಾರೆ ಎಂದರ್ಥ. ಮೊಣಕಾಲಲ್ಲಿ ಕೆಂಪು ಮಣ್ಣಿದ್ದರೆ ಆಟದ ಪೀರಿಯಡ್ಡು. ಚಡ್ಡಿಯ ಹಿಂಭಾಗಕ್ಕೆ ಮರದ ಅಂಟು ಮೆತ್ತಿದ್ದರೆ ಹುಡುಗ ಬೇವಿನ ಮರ ಹತ್ತಿದ್ದಾನೆ, ಬೆನ್ನಿಗೆ ಒಂದು ಗುದ್ದು. ಹೀಗೆ ನಡೆದುಕೊಂಡು ಹೋಗುತ್ತದೆ.

ನಾನು ದಸ್ತಗಿರಿ, ಹಾಸಿಗೆ ಹೊಲಿಯುವವನು. ಶಾಲೆಯ ಎದುರು ಸಾಲಿನಲ್ಲಿ ಮೂರನೆಯದು ನಮ್ಮ ಅಂಗಡಿ, ಹಿಂದೆಯೇ ಮನೆ. ನಾನು ಯಾವ ಶಾಲೆಯ ಮುಖವನ್ನೂ ಕಂಡವನಲ್ಲ. ಆರನೇ ವರ್ಷಕ್ಕೆ ನಮ್ಮಪ್ಪ ಹತ್ತಿ ಹಿಂಜುವ ಬಿಲ್ಲು ಕೈಗೆ ಕೊಟ್ಟ. ಅಕ್ಷರ ಕಲಿತದ್ದು ಸಿನಿಮಾ ಪೋಸ್ಟರು ನೋಡಿ. ನನ್ನದೊಂದು ಕೆಟ್ಟ ಗುಣವಿದೆ, ಅದನ್ನೂ ಹೇಳಿಬಿಡುತ್ತೇನೆ. ನನಗೆ ತಾಳ್ಮೆಯಿಲ್ಲ. ಎದುರಿನವರು ಮಾತು ಶುರು ಮಾಡಿದರೆ ಸಾಕು, ಮುಗಿಸುವವನು ನಾನು. "ಒಂದು ಜೊತೆ..." ಅಂದರೆ "ದಿಂಬು ತಾನೆ? ನಾಳೆ ಬನ್ನಿ" ಅನ್ನುತ್ತೇನೆ. ಒಮ್ಮೆ ಗಿರಾಕಿಯೊಬ್ಬರು "ನಮ್ಮ ತಂದೆಯವರು ಮೊನ್ನೆ..." ಅನ್ನುವಷ್ಟರಲ್ಲಿ "ತೀರಿಕೊಂಡ್ರಾ? ಅಯ್ಯೋ ಪಾಪ" ಅಂದುಬಿಟ್ಟೆ. ತಂದೆಯವರು ಅವರ ಹಿಂದೆಯೇ ನಿಂತಿದ್ದರು. ಹೊಸ ಹಾಸಿಗೆ ನೋಡಲು ಬಂದಿದ್ದರಂತೆ, ನೋಡದೇ ಹೋದರು.

ಇಂಥ ನನಗೆ ಮಾತು ತಡವರಿಸುವ ಮಗಳು ಹುಟ್ಟಿದಳು. ಮೈಮುನಾ, ಏಳು ವರ್ಷ, ಎರಡನೇ ಕ್ಲಾಸು. ಮಾತು ಅವಳ ತುಟಿಯವರೆಗೆ ಬಂದು ನಿಂತುಬಿಡುತ್ತದೆ. ಅದರಲ್ಲೂ ಹೆಸರು ಹೇಳುವಾಗ ಬಹಳ ಕಷ್ಟ. ಆ ಹೆಸರನ್ನು ಇಟ್ಟವನೂ ನಾನೇ, ನನ್ನ ಅಜ್ಜಿಯದು. ಯಾರಾದರೂ "ಏನಮ್ಮ ನಿನ್ನ ಹೆಸರು?" ಅಂದರೆ ಅವಳ ತುಟಿ ಬಿಗಿದುಕೊಂಡು, ಕತ್ತಿನ ನರ ಎದ್ದು, ಕಣ್ಣು ಮುಚ್ಚಿಹೋಗುತ್ತದೆ. ನನಗೆ ನೋಡಲಾಗದು. "ಮೈಮುನಾ ಅಂತ" ಎಂದು ನಾನೇ ಹೇಳಿಬಿಡುತ್ತಿದ್ದೆ. ಹೆಸರೊಂದೇ ಅಲ್ಲ, ಎಲ್ಲವನ್ನೂ. "ಅಪ್ಪಾ, ನಂ... ನಂ..." ಅಂದರೆ "ನಂಗೆ ನೀರು ಬೇಕು ಅಂತಾನಾ? ತಗೋ ಕಂದಾ." ಅವಳು ಕುಡಿಯುತ್ತಿದ್ದಳು. ಅವಳಿಗೆ ನೀರೇ ಬೇಕಿತ್ತೋ ಬೇರೇನೋ, ನಾನು ವಿಚಾರಿಸಿದವನಲ್ಲ. ಮಗುವಿನ ಕಷ್ಟ ತಪ್ಪಿಸಿದೆ ಎಂಬ ಸಮಾಧಾನ ನನಗೆ.

ಅವಳನ್ನು ಒಂದನೇ ಕ್ಲಾಸಿಗೆ ಸೇರಿಸುವಾಗ ನಾನೂ ನನ್ನ ಹೆಂಡತಿ ಹಸೀನಾಳೂ ಒಂದು ತಿಂಗಳು ಅಳೆದು ತೂಗಿದ್ದೆವು. ಹಸೀನಾ ಬೇರೆ ಊರಿನಿಂದ ಬಂದವಳು. ಅವಳಿಗೆ ಈ ಆಕಳಿಕೆಯ ಶಾಲೆ ಮೊದಲಿಂದಲೂ ಇಷ್ಟ. "ಹೋಮ್‌ವರ್ಕ್ ಇಲ್ಲ, ಪುಸ್ತಕ ಅಲ್ಲೇ ಇರುತ್ತೆ, ಚೀಲದಲ್ಲಿ ಊಟದ ತಟ್ಟೆ ಮಾತ್ರ, ಮಗು ಬೆನ್ನು ನೆಟ್ಟಗಿರುತ್ತೆ. ಬೆಲ್ ಹೊಡೆದ್ಮೇಲೆ ಮನೆ ಬಿಟ್ರೂ ಟೈಮಿಗೆ ಹೋಗ್ತಾಳೆ. ಇನ್ನೇನ್ರೀ ಬೇಕು?" ಎಂದಳು. ನಾನು ದೂರುಗಳ ಪಟ್ಟಿಯನ್ನೇ ಒಪ್ಪಿಸಿದೆ. ಹೆಂಚು ಒಡೆದಿದೆ. ಹೆಣ್ಣುಮಕ್ಕಳ ಕಕ್ಕಸಿನ ಬಾಗಿಲಿಗೆ ಚಿಲಕವಿಲ್ಲ, ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು ಎಂದು ಪಕ್ಕದ ಮಾಳಿಗೆಯಿಂದ ನೋಡಿದವರು ಹೇಳುತ್ತಾರೆ. ಇಂಗ್ಲಿಷಿನಲ್ಲಿ ಪದ್ಯ ಹೇಳು ಅಂದರೆ ಅಲ್ಲಿಯ ಮಕ್ಕಳು ಕಣ್ಣು ಕಣ್ಣು ಬಿಡುತ್ತಾರೆ. "ಆದ್ರೆ ಅಲ್ಲಿ ಓದಿದೋರು ಯಾರೂ ಹಾಳಾಗಿಲ್ವಲ್ರೀ" ಎಂದಳು ಹಸೀನಾ. ಅದು ನಿಜ. ನಮ್ಮ ಕಡೆಯ ನರ್ಸು, ಲೈನ್‌ಮ್ಯಾನು, ಪೋಸ್ಟ್ ಮಾಸ್ತರು ಎಲ್ಲ ಅಲ್ಲಿಯವರೇ. ಒಳಗೆ ಏನು ಮಾಡುತ್ತಾರೋ, ಹೊರಗೆ ಬಂದವರು ಮಾತ್ರ ಮನುಷ್ಯರ ಹಾಗಿದ್ದಾರೆ. ಕೊನೆಗೆ ಅವಳೇ ಗೆದ್ದಳು, ಮೈಮುನಾ ಸೇರಿದಳು, ನಮ್ಮ ಮನೆಯಲ್ಲೂ ನಾಲ್ಕೂಕಾಲಿಗೆ ಆಕಳಿಕೆ ಶುರುವಾಯಿತು.

ಪಕ್ಕದ ಮನೆಯ ಸರ್ವಮಂಗಳಕ್ಕನ ಮಗ ಹೋಗುವುದು ಕೆರೆಯಾಚೆಯ ಶಾಲೆಗೆ. ಅಲ್ಲಿಗೆ ವ್ಯಾನು, ಟೈ, ಬೆಲ್ಟು, ಸೋಮವಾರಕ್ಕೊಂದು ಬೂಟು, ಗುರುವಾರಕ್ಕೊಂದು. ಅಲ್ಲಿಯ ಮಾತು ಧಾರಾಳವಾಗಿ ಹೊರಗೆ ಬರುತ್ತದೆ. ಅಕ್ಕನ ಮೊಬೈಲಿಗೆ ಒಂಬತ್ತೂ ಹತ್ತಕ್ಕೆ ಮಗ ಪ್ರಾರ್ಥನೆಗೆ ನಿಂತ ಫೋಟೊ, ಹತ್ತೂವರೆಗೆ ಬಾಳೆಹಣ್ಣು ತಿನ್ನುವ ಫೋಟೊ, ಹತ್ತೂ ಮೂವತ್ತೈದಕ್ಕೆ ಸಿಪ್ಪೆಯನ್ನು ಬುಟ್ಟಿಗೆ ಹಾಕಿದ ಫೋಟೊ. ಸಂಜೆ ಆ ಹುಡುಗ ಬಂದು ಹೇಳಲು ಏನೂ ಉಳಿದಿರುವುದಿಲ್ಲ, ಸುಮ್ಮನೆ ಟಿವಿ ಹಾಕುತ್ತಾನೆ. ಆದರೂ ನನಗೆ ಅಕ್ಕನ ಮೇಲೆ ಹೊಟ್ಟೆಕಿಚ್ಚು. ಅವಳಿಗೆ ಸಿಪ್ಪೆ ಬುಟ್ಟಿಗೆ ಬಿದ್ದದ್ದೂ ಗೊತ್ತು, ನನಗೆ ನನ್ನ ಮಗಳು ಅಲ್ಲಿ ನಗುತ್ತಾಳೋ ಅಳುತ್ತಾಳೋ ಗೊತ್ತಿಲ್ಲ.

ಅಷ್ಟರಲ್ಲಿ ಒಂದು ಸಂಜೆ ಹೀಗಾಯಿತು. ನಾನು ಅಂಗಡಿ ಮುಂದೆ ಹಳೇ ಹಾಸಿಗೆಯ ಹತ್ತಿಯನ್ನು ಕೋಲಿನಲ್ಲಿ ಬಡಿಯುತ್ತಿದ್ದೆ. ಶಾಲೆ ಬಿಟ್ಟಿತು. ಮೈಮುನಾ ಗೇಟಿನಿಂದ ಹೊರಗೆ ಬಂದಳು, ಅವಳ ಹಿಂದೆ ಏಳೆಂಟು ಮಕ್ಕಳು. ಎಲ್ಲವೂ ಹೊಟ್ಟೆ ಹಿಡಿದುಕೊಂಡು ನಗುತ್ತಿವೆ. ಒಬ್ಬನಂತೂ ಅವಳ ಕಡೆ ಕೈ ತೋರಿಸಿ ನಗುತ್ತಾ ಕಾಂಪೌಂಡಿಗೆ ಒರಗಿಬಿಟ್ಟ. ಮೈಮುನಾಳ ಮುಖ ಕೆಂಪೇರಿತ್ತು, ತಲೆ ತಗ್ಗಿತ್ತು. ಕೋಲು ಅಲ್ಲೇ ಬಿಸಾಕಿ ಓಡಿದೆ. "ಯಾಕಮ್ಮ ನಗ್ತಾ ಇದಾವೆ? ನಿನ್ ಮಾತಿಗೆ ತಾನೆ? ಅಣಕಿಸ್ತಾರಾ? ದಿನಾ ಹಿಂಗೇನಾ?" ಅವಳು ಏನೋ ಹೇಳಲು ಬಾಯಿ ತೆರೆದಳು. ಆಕಳಿಕೆ ಬಂತು. ಹಿಂದಿನ ಮಕ್ಕಳೂ ಆಕಳಿಸಿದವು. ನನಗೆ ಬಂದ ಸಿಟ್ಟಿಗೆ ನಾನೊಬ್ಬನೇ ಆಕಳಿಸಲಿಲ್ಲ.

ಮನೆಗೆ ಬಂದು ಹಸೀನಾಳ ಎದುರು ಕೂಗಾಡಿದೆ. "ನನ್ ಮಗಳನ್ನ ಆಡ್ಕೊಳ್ಳೋ ಸ್ಕೂಲು ಬೇಡ. ಬೇರೆ ಕಡೆ ಆದ್ರೆ ಮಗು ಬಂದು ಹೇಳ್ಕೊಂಡು ಅಳಾದ್ರೂ ಅಳುತ್ತೆ. ಇಲ್ಲಿ ಅದೂ ಇಲ್ಲ." ಹಸೀನಾ ನಿಧಾನವಾಗಿ, "ನೀವು ನೋಡಿದ್ದು ಗೇಟಿನ ಈಚೆ. ಆಚೆ ಏನಾಗಿತ್ತೋ ಯಾರಿಗೆ ಗೊತ್ತು?" ಎಂದಳು. ಅದೇ ಹೊತ್ತಿಗೆ ಸರ್ವಮಂಗಳಕ್ಕ ಕಾಂಪೌಂಡಿನ ಮೇಲಿಂದ ತಲೆ ಹಾಕಿದಳು. "ದಸ್ತಗಿರಣ್ಣ, ನಮ್ಮ ಸ್ಕೂಲಲ್ಲಿ ಒಂದು ಸೀಟು ಖಾಲಿ ಇದೆ. ಮಾತು ಬರ್ದಿರೋ ಮಕ್ಕಳಿಗೆ ಅಂತಾನೇ ಬೇರೆ ಮಿಸ್ ಇದಾರೆ. ಶನಿವಾರದೊಳಗೆ ಟಿ.ಸಿ. ತಂದ್ರೆ ನಾನೇ ಸೇರಿಸ್ತೀನಿ." ಮಾತು ಬರದಿರೋ ಮಕ್ಕಳು ಎಂದದ್ದು ಹಸೀನಾಳಿಗೆ ಚುಚ್ಚಿತು, ನನಗೂ ಚುಚ್ಚಿತು. ಆದರೂ ನಾನು ಕಾಗದ ತೆಗೆದು, ಸಿನಿಮಾ ಪೋಸ್ಟರಿನಷ್ಟು ದಪ್ಪ ಅಕ್ಷರದಲ್ಲಿ, ನನ್ನ ಮಗಳ ಟಿ.ಸಿ. ಕೊಡತಕ್ಕದ್ದು ಎಂದು ಬರೆದೆ.

ಇಲ್ಲಿ ನಮ್ಮ ಶಾಲೆಯ ಒಂದು ಪದ್ಧತಿ ಹೇಳಬೇಕು. ಒಂದು ಮಗುವಿಗೆ ಒಂದೇ ಸಲ, ತಾಯಿ ತಂದೆಯರಲ್ಲಿ ಒಬ್ಬರು ಮಾತ್ರ ಒಳಗೆ ಹೋಗಿ ಹಿಂದಿನ ಬೆಂಚಿನಲ್ಲಿ ಊಟದ ಬೆಲ್ಲಿನವರೆಗೆ ಕೂರಬಹುದು. ತುಟಿ ಪಿಟಕ್ಕೆನ್ನಬಾರದು. ಈ ಒಂದು ಸಲಕ್ಕಾಗಿ ಗಂಡ ಹೆಂಡಿರು ಜಗಳವಾಡಿ ಮಾತು ಬಿಟ್ಟ ಮನೆಗಳಿವೆ. ಹೋಗಿ ಬಂದವರು ಮನೆಯವರಿಗೆ ಏನೂ ಹೇಳಲಾರರು. ಮುಖ ನೋಡಿ ತಿಳಿಯೋಣ ಎಂದರೆ ಅದೂ ಆಗದು. ಆಕಳಿಸಿ ಆಕಳಿಸಿ ಎಲ್ಲರ ಕಣ್ಣಲ್ಲೂ ನೀರು, ದುಃಖದ್ದೋ ಸಂತೋಷದ್ದೋ ದೇವರೇ ಬಲ್ಲ. ನಮ್ಮ ಸಲವನ್ನು ನಾವಿನ್ನೂ ಬಳಸಿರಲಿಲ್ಲ.

"ನೀವೇ ಹೋಗಿ," ಎಂದಳು ಹಸೀನಾ.

"ನೀನು ಹೋಗ್ಬಾರ್ದಾ? ನಂಗೆ ಅಲ್ಲಿ ಸುಮ್ನೆ ಕೂರೋಕೆ..."

"ಆಗಲ್ಲ. ಗೊತ್ತು." ಜೀವಮಾನದಲ್ಲಿ ಮೊದಲ ಸಲ ಅವಳು ನನ್ನ ಮಾತು ಮುಗಿಸಿದಳು. "ನಾನು ಹೋಗ್ಬಂದ್ರೆ ನಿಮಗೇನು ಹೇಳೋಕಾಗುತ್ತೆ? ನನ್ ಆಕಳಿಕೆ ನೀವು ನಂಬಲ್ಲ. ಕಣ್ಣಾರೆ ನೋಡ್ಕೊಂಡ್ ಬನ್ನಿ. ಆಮೇಲೂ ಟಿ.ಸಿ. ಬೇಕು ಅನ್ಸಿದ್ರೆ ಕೈಯಾರೆ ಕೊಟ್ಟು ಬನ್ನಿ, ನಾನು ಒಂದು ಮಾತೂ ಆಡಲ್ಲ."

ಶುಕ್ರವಾರ ಬೆಳಿಗ್ಗೆ ಒಗೆದ ಅಂಗಿ ಹಾಕಿಕೊಂಡು, ಅರ್ಜಿಯನ್ನು ಜೇಬಿನಲ್ಲಿಟ್ಟುಕೊಂಡು ಹೊರಟೆ. ತಿಪ್ಪಣ್ಣ ಕರೆದು ಟೀ ಕೊಟ್ಟ. "ಏನೋ ದಸ್ತಗಿರಿ, ಮೂರು ಗಂಟೆ ಬಾಯಿ ಮುಚ್ಕೊಂಡು ಕೂತ್ಕೊಂತೀಯಾ? ನಂಬೋಕಾಗ್ತಿಲ್ಲ. ಬಾಯಿಗೆ ಒಂದು ಹೊಲಿಗೆ ಹಾಕ್ಕೊಂಡು ಹೋಗು, ಸೂಜಿ ನಿನ್ ಹತ್ರಾನೇ ಇದೆ." ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ನಲವತ್ತೊಂದು ವರ್ಷಕ್ಕೆ ಮೊದಲ ಸಲ ಶಾಲೆಗೆ ಹೋಗುವವನು ನಾನು, ಅಂಗಿಯ ಗುಂಡಿಗಳನ್ನು ಇನ್ನೊಮ್ಮೆ ನೋಡಿಕೊಂಡೆ. ಅನಸೂಯಾ ಟೀಚರು ಗೇಟು ತೆಗೆದರು. ಒಳಗೆ ಹೋದೆ.

ಇಲ್ಲಿ ನೀವು ನನ್ನನ್ನು ಕ್ಷಮಿಸಬೇಕು. ಈ ಜಾಗಕ್ಕೆ ಬಂದು ಎರಡು ದಿನದಿಂದ ಕೂತಿದ್ದೇನೆ. ಪೆನ್ನು ಹಿಡಿದರೆ ಆಕಳಿಕೆ. ಪೆನ್ನು ಬಿಟ್ಟರೆ ನಿಲ್ಲುತ್ತದೆ, ಮತ್ತೆ ಹಿಡಿದರೆ ಮತ್ತೆ. ನಿನ್ನೆ ಹಟ ಹಿಡಿದು ಬರೆಯಲು ಹೋಗಿ ಅರ್ಧ ಹಾಳೆ ತುಂಬಿಸಿದೆ. ಆಮೇಲೆ ನೋಡಿದರೆ ಐದಡಿ ಹಾಸಿಗೆಗೆ ಎಷ್ಟು ಹತ್ತಿ ಬೇಕು ಎಂಬುದರ ವಿವರ. ಅಲ್ಲಿ ಬೆಂಚು ಎಷ್ಟು ಗಿಡ್ಡವಿತ್ತು ಎಂಬುದನ್ನೂ ಹೇಳಲಾಗುತ್ತಿಲ್ಲ. ಒಟ್ಟಿನಲ್ಲಿ ಊಟದ ಬೆಲ್ಲು ಹೊಡೆಯಿತು, ನಾನು ಹೊರಗೆ ಬಂದೆ.

ಹೊರಗೆ ಬಂದಾಗ ಅರ್ಜಿ ಜೇಬಿನಲ್ಲೇ ಇತ್ತು. ತಿಪ್ಪಣ್ಣ ಟೀ ಅಂಗಡಿಯಿಂದ ಕೂಗಿದ, "ಏನಾಯ್ತೋ?" ನಾನು ಆಕಳಿಸಿದೆ. ಅವನು ನನ್ನನ್ನೇ ಒಂದು ಕ್ಷಣ ನೋಡಿ ತಾನೂ ಆಕಳಿಸಿ, ಇನ್ನೊಂದು ಟೀ ಕೈಗಿಟ್ಟ. ಮನೆ ಬಾಗಿಲಲ್ಲಿ ಹಸೀನಾ ನಿಂತಿದ್ದಳು. ಬೆಳಗಿನಿಂದ ಒಲೆ ಹಚ್ಚಿದಂತೆ ಕಾಣಲಿಲ್ಲ. "ಏನ್ರೀ? ಹೇಳ್ರೀ" ಎಂದು ನನ್ನ ಮುಖವನ್ನು ಹುಡುಕಿದಳು. ಹೇಳಬೇಕೆಂದು ನನ್ನ ಪ್ರಾಣವೇ ಬಾಯಿಗೆ ಬಂದಿತ್ತು. ಯಾವತ್ತೂ ಮಾತಿಗೆ ತಡವರಿಸದ ನಾನು ಬಾಯಿ ತೆರೆದು ನಿಂತೆ. ಆಕಳಿಕೆ ಮೇಲೆ ಆಕಳಿಕೆ. ಕಣ್ಣಲ್ಲಿ ನೀರು ಇಳಿಯಿತು. ಹಸೀನಾ ಸೆರಗಿನಿಂದ ಒರೆಸಿ, "ಇದು ಆಕಳಿಕೆದೋ, ಅಳೂದೋ?" ಎಂದು ಕೇಳಿದಳು. ಅರ್ಜಿಯನ್ನು ತೆಗೆದು, ಅರ್ಧ ಹೊಲಿದಿದ್ದ ದಿಂಬಿನೊಳಗೆ ಹತ್ತಿಯ ಜೊತೆ ತುರುಕಿ, ಅದರ ಬಾಯಿ ಹೊಲಿದುಬಿಟ್ಟೆ. ಆ ದಿಂಬು ಯಾರ ಮನೆಗೆ ಹೋಯಿತೋ ನೆನಪಿಲ್ಲ, ರಾತ್ರಿ ಕಿವಿಯ ಹತ್ತಿರ ಪರಪರ ಅಂದರೆ ತಂದುಕೊಡಲಿ, ಬದಲಿಸಿ ಕೊಡುತ್ತೇನೆ.

ಮಧ್ಯಾಹ್ನ ಸರ್ವಮಂಗಳಕ್ಕ ಬಂದಳು. "ಟಿ.ಸಿ. ಸಿಕ್ತಾ ಅಣ್ಣಾ?" ಬೇಡ ಅಕ್ಕ ಎಂದೆ. "ಯಾಕೆ? ಅಂಥದ್ದೇನು ಕಂಡ್ರಿ ಅಲ್ಲಿ?" ಎಂದಳು. ಪಾಪ, ಅವಳು ಒಳ್ಳೇ ಮನಸ್ಸಿನಿಂದಲೇ ಕೇಳಿದ್ದು. ನಾನು ಎಷ್ಟು ದೊಡ್ಡದಾಗಿ ಆಕಳಿಸಿದೆ ಎಂದರೆ ಅವಳು ಮನೆಗೆ ಹೋಗಿ ಮಲಗಿಬಿಟ್ಟಳಂತೆ, ಆವತ್ತು ಮಗನ ಮಧ್ಯಾಹ್ನದ ಎರಡು ಫೋಟೊ ನೋಡಲಿಲ್ಲವಂತೆ.

ನಾಲ್ಕಕ್ಕೆ ಶಾಲೆ ಬಿಟ್ಟಿತು. ಮೈಮುನಾ ಹೊರಗೆ ಬಂದಳು. ಹಿಂದೆ ಅದೇ ಗುಂಪು, ಅದೇ ಹೊಟ್ಟೆ ಹಿಡಿದುಕೊಂಡ ನಗು, ಅದೇ ಹುಡುಗ ಕಾಂಪೌಂಡಿಗೆ ಒರಗಿದ. ಈ ಸಲ ನನಗೂ ನಗು ತಡೆಯಲಾಗಲಿಲ್ಲ. ಅಂಗಡಿಯ ಕಟ್ಟೆಯ ಮೇಲೆ ಕೂತವನು ಮಕ್ಕಳ ಜೊತೆ ಬಿದ್ದು ಬಿದ್ದು ನಕ್ಕೆ. ಮೈಮುನಾ ನನ್ನ ಕಡೆ ನೋಡಿ ತಲೆ ತಗ್ಗಿಸಿದಳು, ಕೆನ್ನೆ ಕೆಂಪಾಯಿತು. ಈ ಸಲ ಸರಿಯಾಗಿ ನೋಡಿದರೆ ಅವಳ ತುಟಿಯ ತುದಿಯೂ ನಗುತ್ತಿತ್ತು. ಯಾಕೆ ನಕ್ಕೆವು ಎಂದು ಮಾತ್ರ ಕೇಳಬೇಡಿ.

ಅವಳು ಒಳಗೆ ಬಂದು ಚೀಲವಿಟ್ಟು, ನೀರು ಕುಡಿದು, ನಾನು ಬಡಿಯುತ್ತಿದ್ದ ಹತ್ತಿಯ ಪಕ್ಕ ಕೂತಳು. ಕೋಲು ಹತ್ತಿಯ ಮೇಲೆ ಬೀಳುವುದನ್ನೇ ನೋಡಿದಳು. "ಅಪ್ಪಾ," ಎಂದಳು. "ಹ... ಹ..."

ಹತ್ತಿ, ಹಸಿವು, ಹಲ್ಲುನೋವು, ಹಣ್ಣು. ನಾಲ್ಕೂ ನನ್ನ ನಾಲಗೆಯ ತುದಿಗೆ ಒಟ್ಟಿಗೆ ಬಂದು ತಳ್ಳಾಡಿದವು. ನುಂಗಿದೆ. ಕೋಲನ್ನು ಪಕ್ಕಕ್ಕಿಟ್ಟು, ಅವಳ ಕಡೆ ತಿರುಗಿ ಕೂತೆ. ಅವಳ ತುಟಿ ಬಿಗಿಯಿತು, ಕತ್ತಿನ ನರ ಎದ್ದಿತು. ಎಂದಿನಂತೆ ನೋಡಲಾಗಲಿಲ್ಲ, ಆದರೂ ಕಣ್ಣು ತೆಗೆಯಲಿಲ್ಲ. ಒಳಗಿನಿಂದ ಹಸೀನಾ "ಹಸಿವಾಯ್ತಾ ಚಿನ್ನ?" ಎನ್ನುತ್ತಾ ಬಂದಳು. ನಾನು ಕೈ ಎತ್ತಿ ತಡೆದೆ. ಅವಳು ಬಾಗಿಲಲ್ಲೇ ನಿಂತು ಒಮ್ಮೆ ನನ್ನನ್ನು, ಒಮ್ಮೆ ಮಗಳನ್ನು ನೋಡಿದಳು. ಅಂಗಡಿ ಮುಂದೆ ಗಿರಾಕಿಯೊಬ್ಬ "ದಸ್ತಗಿರಿ ಅವ್ರೇ, ದಸ್ತಗಿರಿ ಅವ್ರೇ" ಎಂದು ಕರೆದ. ಕರೆಯಲಿ. ಎಷ್ಟು ಹೊತ್ತಾಯಿತೋ ನಾನು ಲೆಕ್ಕ ಇಡಲಿಲ್ಲ. ಹಸೀನಾ ಬಾಗಿಲ ಚೌಕಟ್ಟು ಹಿಡಿದು ಸದ್ದಿಲ್ಲದೆ ಅಳಲು ಶುರುಮಾಡಿದ್ದಳು. ನಾನು ಮಧ್ಯಾಹ್ನ ಬಾಯಲ್ಲಿ ಹೇಳಲಾರದೆ ಹೋದದ್ದು ಅವಳಿಗೆ ಆಗ ತಿಳಿಯಿತು ಎಂದುಕೊಳ್ಳುತ್ತೇನೆ.

"ಹ... ಹತ್ತಿಗೆ," ಎಂದಳು ಮೈಮುನಾ. ಉಸಿರು ತೆಗೆದುಕೊಂಡಳು. "ಹತ್ತಿಗೆ ಹೊ... ಹೊಡೆದ್ರೆ ಅದಕ್ಕೆ ನೋ... ನೋವಾಗುತ್ತಾ ಅಪ್ಪಾ?"

ಯಾ ಅಲ್ಲಾ! ಅವಳು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ಏಳು ವರ್ಷದಲ್ಲಿ ಅವಳ ಒಂದು ಪ್ರಶ್ನೆಯನ್ನೂ ನಾನು ಕೊನೆಯವರೆಗೆ ಹೋಗಲು ಬಿಟ್ಟಿರಲಿಲ್ಲ. ಮೂವತ್ತೈದು ವರ್ಷದಿಂದ ಹತ್ತಿ ಬಡಿಯುತ್ತಿದ್ದೇನೆ, ಇದು ನನಗೆ ಹೊಳೆದೇ ಇರಲಿಲ್ಲ. "ಅದು..." ಎಂದೆ. ಮುಂದೆ ಹೋಗಲಿಲ್ಲ. "ಅದು ಏನಂದ್ರೆ..." ಎಂದೆ. ಮತ್ತೆ ನಿಂತೆ.

ಮೈಮುನಾ ನನ್ನ ಮಾತನ್ನು ಮುಗಿಸಲು ಬರಲಿಲ್ಲ. ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ನನ್ನ ಮುಖವನ್ನೇ ನೋಡುತ್ತಾ, ನಿಧಾನವಾಗಿ ಹೇಳು ಎಂಬಂತೆ ಕಾದು ಕೂತಳು.